ಮೆಕ್ಸಿಕನ್, ಬಫೆಲೋ, ಗರಿಕೆ: 350 ಚದರಡಿ ಲಾನ್ ಜೊತೆ ಮೂರು ವರ್ಷ ಒದ್ದಾಡಿದ ಮೇಲೆ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ಯಾವ್ದೋ ಒಂದು ನರ್ಸರಿಗೆ ಸ್ಟಾರ್ ಕೊಡೋ ರಿವ್ಯೂ ಅಲ್ಲ, ನಾನು ದುಡ್ಡು ಕೊಟ್ಟು ತಂದು ಹಾಕಿ, ನೀರು ಹಾಕಿ, ಕೆಲವನ್ನ ಸಾಯಿಸಿ ನೋಡಿದ ಹುಲ್ಲುಗಳ ರಿವ್ಯೂ. ನರ್ಸರಿ ಹೆಸರು ಕೇಳ್ಬೇಡಿ, ಹೇಳಲ್ಲ. ಅವ್ರದ್ದು ಅರ್ಧ ತಪ್ಪು, ನಮ್ದು ಅರ್ಧ ತಪ್ಪು.

ನಮ್ದು ಬೆಂಗಳೂರಲ್ಲಿ 40-60 ಸೈಟು, ಉತ್ತರದ ಬಾಗಿಲು. ವಾಸ್ತು ಚೆನ್ನಾಗಿದೆ ಅಂತ ಬಂದೋರೆಲ್ಲ ಹೊಗಳ್ತಾರೆ, ಹುಲ್ಲಿಗೆ ಮಾತ್ರ ಆ ವಾಸ್ತು ಚೆನ್ನಾಗಿಲ್ಲ, ಅದು ಆಮೇಲೆ ಗೊತ್ತಾಗಿದ್ದು. ಮನೆ ಮುಂದೆ 14 ಅಡಿ ಅಗಲ, 25 ಅಡಿ ಉದ್ದದ ಜಾಗ ಬಿಟ್ಟಿದ್ವಿ, ಪಕ್ಕದಲ್ಲಿ ಕಾರ್ ನಿಲ್ಸೋಕೆ. ಪಶ್ಚಿಮದ ತುದೀಲಿ ಫುಟ್‌ಪಾತಿನ ಹೊಂಗೆ ಮರ ಒಳಗಡೆ ಬಾಗಿದೆ, ಪೂರ್ವದ ತುದೀಲಿ ನೆಲದ ಕೆಳಗೆ ಸಂಪು, ಅದರಾಚೆ ಖಾಲಿ ಸೈಟು. ಅಂದ್ರೆ ಇಷ್ಟೇ ಇಷ್ಟು ಜಾಗದಲ್ಲಿ ನೆರಳು, ಉರಿ ಬಿಸಿಲು, ಬೋಳು ನೆಲ ಮೂರೂ ಇದೆ. ಇದನ್ನ ನಾನು ಮೊದಲು ನೋಡ್ಲೇ ಇಲ್ಲ, ನನ್ನ ಕಣ್ಣಿಗೆ ಅದು ಬರೀ 350 ಚದರಡಿ.

2022ರ ಮೇ ತಿಂಗಳಲ್ಲಿ ಗೃಹಪ್ರವೇಶ ಮುಗ್ಸಿ ನರ್ಸರಿಗೆ ಹೋದ್ವಿ. ಅವ್ರು ಕೇಳಿದ ಮೊದಲ ಪ್ರಶ್ನೆ ಎಷ್ಟು ಸ್ಕ್ವೇರ್ ಫೀಟು, ಎರಡನೇದು ಲೊಕೇಶನ್ ಎಲ್ಲಿ, ಲಾರಿ ಬರತ್ತಾ. ಬಿಸಿಲು ಎಷ್ಟು ಹೊತ್ತು ಬೀಳತ್ತೆ ಅಂತ ಕೇಳ್ಲಿಲ್ಲ. "ಮೆಕ್ಸಿಕನ್ ಹಾಕ್ಸಿ ಮೇಡಂ, ಎಲ್ಲಾ ವಿಲ್ಲಾದಲ್ಲೂ ಅದೇ ಹಾಕ್ಸೋದು, ಕಾರ್ಪೆಟ್ ಥರ ಬರತ್ತೆ" ಅಂದ್ರು. ಅಲ್ಲಿ ಹಾಸಿದ್ದ ಸ್ಯಾಂಪಲ್ ಮೇಲೆ ಬರಿಗಾಲಲ್ಲಿ ನಿಂತೆ ನೋಡಿ, ಅಲ್ಲೇ ಸೋತೋದೆ. ಅದು ಬಟಾಬಯಲಲ್ಲಿ, ಇಡೀ ದಿನ ಬಿಸಿಲಲ್ಲಿ, ಸ್ಪ್ರಿಂಕ್ಲರ್ ಕೆಳಗೆ ಬೆಳೆದ ಹುಲ್ಲು ಅನ್ನೋದು ತಲೆಗೇ ಹೋಗ್ಲಿಲ್ಲ. ಕೆಂಪು ಮಣ್ಣು, ಗೊಬ್ಬರ, ಹಾಸೋ ಕೂಲಿ ಎಲ್ಲಾ ಸೇರಿ ಚದರಡಿಗೆ 28 ರೂಪಾಯಿ, ಒಟ್ಟು 9,800. ನಾನು ಹುಷಾರು ಅನ್ಕೊಂಡು ಮೇ ಕೊನೇಲಿ ಒಂದು ಭಾನುವಾರ ಟೆರೇಸಿಂದ ಗಂಟೆಗೊಂದು ಫೋಟೋ ತೆಗೆದು ಬಿಸಿಲು ಲೆಕ್ಕ ಹಾಕಿದ್ದೆ. ಹೊಂಗೆ ಕೆಳಗೆ ಬಿಟ್ರೆ ಎಲ್ಲಾ ಕಡೆ ಏಳೆಂಟು ಗಂಟೆ ಬಿಸಿಲು. ಮೆಕ್ಸಿಕನ್‌ಗೆ ಐದಾರು ಗಂಟೆ ಸಿಕ್ರೆ ಸಾಕು ಅಂತ ಓದಿದ್ದೆ, ಆಯ್ತಲ್ಲ ಅಂತ ಜೂನಲ್ಲಿ ಹಾಸಿಸಿದ್ವಿ.

ಮಳೆಗಾಲದಲ್ಲಿ ಏನ್ ಚೆಂದ ಅಂತೀರಾ. ದಟ್ಟ ಹಸಿರು, ಕಾಲಿಟ್ರೆ ಸ್ಪಂಜು. ಬಂದೋರೆಲ್ಲ ಚಪ್ಪಲಿ ಬಿಟ್ಟು ನಡೆಯೋರು. ದಸರಾ ಕಳೀತು, ಮನೆ ಗೋಡೆ ಪಕ್ಕ ಹುಲ್ಲು ತೆಳ್ಳಗಾಗೋಕೆ ಶುರುವಾಯ್ತು. ನೀರು ಕಮ್ಮಿ ಅನ್ಕೊಂಡು ಜಾಸ್ತಿ ಹಾಕ್ದೆ, ಪಾಚಿ ಕಟ್ತು. ಗೊಬ್ಬರ ಕಮ್ಮಿ ಅಂದ್ಕೊಂಡು ಮಾಲಿ ಯೂರಿಯಾ ಎರಚಿದ, ಇದ್ದಿದ್ದೂ ಉದ್ದುದ್ದ ಬೆಳೆದು ಬಿಳಿಚಿಕೊಂಡು ಮಲಗ್ತು. ಡಿಸೆಂಬರ್ ಹೊತ್ತಿಗೆ ಗೋಡೆಯಿಂದ ಆರೇಳು ಅಡಿ ತನಕ ಬರೀ ಕೆಂಪು ಮಣ್ಣು, ಅಲ್ಲಲ್ಲಿ ತಲೆ ಬೋಳಿಸಿ ನಾಲ್ಕು ಕೂದಲು ಬಿಟ್ಟಂಗೆ.

ನರ್ಸರಿಗೆ ಫೋನ್ ಮಾಡಿದ್ರೆ "ನೀರು ಜಾಸ್ತಿ ಆಯ್ತು ಮೇಡಂ" ಅಂದ್ರು, ಇನ್ನೊಂದ್ಸಲ ಮಾಡಿದ್ರೆ "ನೀರು ಕಮ್ಮಿ ಆಯ್ತು" ಅಂದ್ರು. ಮೂರನೇ ಸಲ ಎತ್ತಲಿಲ್ಲ.

ಕಾರಣ ಕಂಡಿದ್ದು ಒಂದಿನ ಮಧ್ಯಾಹ್ನ ಬಟ್ಟೆ ಒಣಗಿಸೋಕೆ ಟೆರೇಸಿಗೆ ಹೋದಾಗ. ಕೆಳಗೆ ನೋಡ್ತೀನಿ, ಮಧ್ಯಾಹ್ನ ಹನ್ನೆರಡೂಕಾಲು, ಇಡೀ ಲಾನ್ ಮೇಲೆ ನಮ್ಮನೆ ನೆರಳು! ಮೇ ತಿಂಗಳಲ್ಲಿ ಇದು ಇರ್ಲೇ ಇಲ್ವಲ್ಲ. ಆಮೇಲೆ ಕೂತು ಯೋಚಿಸಿದ್ರೆ ಹೈಸ್ಕೂಲ್ ಪಾಠ ಅಷ್ಟೇ. ಬೆಂಗಳೂರು ಇರೋದು 13 ಡಿಗ್ರಿ ಉತ್ತರದಲ್ಲಿ, ಏಪ್ರಿಲ್ 24ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಕಂಬ ಬಾಟ್ಲಿ ಎಲ್ಲಾ ನಿಲ್ಸಿ ಫೋಟೋ ಹಾಕ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರ್ತಾನೆ, ಉತ್ತರದ ಅಂಗಳಕ್ಕೆ ಭರ್ತಿ ಬಿಸಿಲು. ಆಮೇಲೆ ದಕ್ಷಿಣಕ್ಕೆ ಜಾರ್ತಾ ಹೋಗಿ ಡಿಸೆಂಬರಲ್ಲಿ ಮಧ್ಯಾಹ್ನವೂ ನೆತ್ತಿಯಿಂದ 36 ಡಿಗ್ರಿ ವಾಲಿರ್ತಾನೆ. ನಮ್ದು ಎರಡು ಅಂತಸ್ತು, ಪ್ಯಾರಪೆಟ್ ಸೇರಿ 25 ಅಡಿ ಎತ್ತರ, ಅದರ ನೆರಳು ಆಗ 18 ಅಡಿ ಮುಂದಕ್ಕೆ ಬೀಳತ್ತೆ. ಲಾನ್ ಇರೋದೇ 14 ಅಡಿ.

ನಮ್ಮನೆಯವರು ಇಂಜಿನಿಯರು, ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತ್ರು. ಗೋಡೆ ಪಕ್ಕದ ಏಳು ಅಡಿಗೆ ಅಕ್ಟೋಬರ್ ಶುರುವಿಂದ ಮಾರ್ಚ್ ಮಧ್ಯದ ತನಕ ಮಧ್ಯಾಹ್ನದ ಬಿಸಿಲೇ ಇಲ್ಲ, ಕಾಂಪೌಂಡ್ ಪಕ್ಕಕ್ಕೆ ನವೆಂಬರಿಂದ ಫೆಬ್ರವರಿ ಮೊದಲ ವಾರದ ತನಕ ಮಾತ್ರ ಇಲ್ಲ. ಹುಲ್ಲು ಸತ್ತಿರೋ ಗೆರೆ ಎಲ್ಲಿ ನಿಂತಿತ್ತೋ ಅವ್ರ ಲೆಕ್ಕದ ಗೆರೆಯೂ ಹೆಚ್ಚುಕಮ್ಮಿ ಅಲ್ಲೇ ಬಂತು. "ಇದನ್ನ ಮೇ ತಿಂಗಳಲ್ಲೇ ಮಾಡ್ಬಹುದಿತ್ತಲ್ಲ" ಅಂದೆ. ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದ್ರಲ್ಲಿ ನಮ್ಮನೆ ಎತ್ತಿದ ಕೈ. ಆದ್ರೆ ನಿಮಗೆ ಉಪಯೋಗ ಆಗ್ಲಿ ಅಂತ ಹೇಳ್ತಿದೀನಿ: ಬಿಸಿಲು ಅಳೆಯೋದಾದ್ರೆ ಉತ್ತರದ ಅಂಗಳವನ್ನ ಡಿಸೆಂಬರಲ್ಲಿ ಅಳೀರಿ, ದಕ್ಷಿಣದ ಅಂಗಳ ಇದ್ದೋರು ಏಪ್ರಿಲ್ ಉರಿ ಬಿಸಿಲಲ್ಲಿ ನೋಡಿ. ಒಂದೇ ಸಲ ಅಳೆದು ಹುಲ್ಲು ತಗೊಂಡ್ರೆ ನನ್ನ ಥರ ಕೈ ಸುಟ್ಕೋತೀರ.

ಹಾಗಂತ ಮೆಕ್ಸಿಕನ್ ಕೆಟ್ಟ ಹುಲ್ಲಲ್ಲ. ಕಾಂಪೌಂಡ್ ಪಕ್ಕದ ಅರ್ಧ ಇವತ್ತಿಗೂ ಅದೇ ಇದೆ. ಚಳೀಲಿ ಸ್ವಲ್ಪ ಸೊರಗತ್ತೆ, ಕಂದು ಬಣ್ಣಕ್ಕೆ ತಿರುಗತ್ತೆ, ಯುಗಾದಿ ಹೊತ್ತಿಗೆ ಚಿಗುರತ್ತೆ. ನಿಧಾನ ಬೆಳೆಯತ್ತೆ, ಅದು ಲಾಭವೂ ಹೌದು ನಷ್ಟವೂ ಹೌದು, ಎರಡು ವಾರಕ್ಕೊಂದ್ಸಲ ಕತ್ತರಿಸಿದ್ರೆ ಸಾಕು, ಆದ್ರೆ ಒಂದು ಕಡೆ ಬೋಳಾದ್ರೆ ಅದು ಮುಚ್ಕೊಳ್ಳೋಕೆ ತಿಂಗಳುಗಟ್ಲೆ ಬೇಕು. ಅಂದ ಹಾಗೆ ಇದಕ್ಕೂ ಮೆಕ್ಸಿಕೋಗೂ ಸಂಬಂಧ ಇಲ್ಲ. ಇಲ್ಲಿ ಮೆಕ್ಸಿಕನ್ ಅಂತ ಮಾರೋದು ಹೆಚ್ಚಾಗಿ ಜೋಯ್ಸಿಯಾ ಅನ್ನೋ ಜಾತಿ, ಅದರ ಮೂಲ ಜಪಾನು, ಕೊರಿಯಾ, ಚೀನಾ ಕಡೆ. ಅದರದ್ದೇ ನೆಂಟ ಕೊರಿಯನ್ ಗ್ರಾಸ್, ಇನ್ನೂ ಸಣ್ಣ ಎಲೆ, ಕತ್ತರಿಸದೆ ಬಿಟ್ರೆ ಗುಡ್ಡಗುಡ್ಡ ಎದ್ದು ಮೆತ್ತೆ ಥರ ಆಗತ್ತೆ, ನೋಡೋಕೆ ಮುದ್ದು, ಮೇಲೆ ನಡೆಯೋಕೆ ಆಗಲ್ಲ. ಬಿಸಿಲಿರೋ ಜಾಗಕ್ಕೆ ಮೆಕ್ಸಿಕನ್‌ಗೆ ನಾಲ್ಕು ಸ್ಟಾರ್ ಕೊಡ್ತೀನಿ, ನೆರಳಿಗೆ ಒಂದು. ಆ ಒಂದೂ ಅದು ಪಾಪ ಅಕ್ಟೋಬರ್ ತನಕ ಜೀವ ಹಿಡ್ಕೊಂಡಿತ್ತಲ್ಲ ಅಂತ.

ಈಗ ಆನ್‌ಲೈನ್ ಬೀಜದ ಕಥೆ. ಬೋಳಾದ ಜಾಗಕ್ಕೆ ಮತ್ತೆ ಕಾರ್ಪೆಟ್, ಅಂದ್ರೆ ಮಣ್ಣು ಸಮೇತ ಬರೋ ರೆಡಿ ಹುಲ್ಲಿನ ಹಾಸು, ತರೋಕೆ ಮನಸ್ಸಿಲ್ಲ, ರಾತ್ರಿ ಹನ್ನೊಂದು ಗಂಟೇಲಿ ಫೋನಲ್ಲಿ "ನೆರಳಿಗೆ ಲಾನ್ ಬೀಜ" ಅಂತ ಹುಡುಕ್ದೆ. ಪ್ಯಾಕೆಟ್ ಮೇಲೆ ಯಾವ್ದೋ ಬಂಗಲೆ, ಅದರ ಮುಂದೆ ನೀಲಿ ಹಸಿರಿನ ಹುಲ್ಲು, ಶೇಡ್ ಮಿಕ್ಸ್ ಅಂತ ದಪ್ಪಕ್ಷರ. ಅರ್ಧ ಕೇಜಿಗೆ 699. ಹಿಂದೆ ಸಣ್ಣಕ್ಷರದಲ್ಲಿ ಟಾಲ್ ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್ ಅಂತಿತ್ತು. ಜನವರಿಲಿ ಹಾಕ್ದೆ, ಎರಡು ವಾರಕ್ಕೆ ಮೊಳಕೆ, ಒಂದೂವರೆ ತಿಂಗಳಿಗೆ ಎಂಥಾ ಹಸಿರು, ಅಕ್ಕಪಕ್ಕದೋರಿಗೆಲ್ಲ ಲಿಂಕ್ ಕಳಿಸ್ಬಿಟ್ಟೆ, ಅವಮಾನ. ಮಾರ್ಚ್ ಮೂರನೇ ವಾರದಿಂದ ಒಂದೊಂದೇ ಎಳೆ ಒಣಗಿ ಏಪ್ರಿಲಿಗೆ ಹುಲ್ಲೆಲ್ಲ ಗೋಣಿನಾರು. ಇವೆಲ್ಲ ಚಳಿದೇಶದ ಹುಲ್ಲುಗಳು, 15ರಿಂದ 24 ಡಿಗ್ರಿ ಇದ್ರೆ ಅವಕ್ಕೆ ಖುಷಿ, 35 ದಾಟಿದ್ರೆ ಬೇರು ಸುಸ್ತಾಗತ್ತೆ. ನೆರಳು ತಡೆಯತ್ತೆ ಅನ್ನೋದು ಸುಳ್ಳಲ್ಲ, ಆ ನೆರಳು ಊಟಿಯಂಥ ಜಾಗದ್ದಾಗಿರ್ಬೇಕು ಅಷ್ಟೇ. ಲಿಂಕ್ ಕಳಿಸಿದ್ದೋರಿಗೆ ಇಲ್ಲಿಂದಲೇ ಸಾರಿ. ಅರ್ಧ ಸ್ಟಾರ್.

ಆಮೇಲೆ ಬಫೆಲೋ. ಇಲ್ಲಿ ದೊಡ್ಡ ಗೊಂದಲ ಇದೆ, ಸ್ವಲ್ಪ ತಾಳ್ಮೆ ಇಟ್ಟು ಓದಿ. ಇನ್ನೊಂದು ನರ್ಸರಿಯವರು, ಸ್ವಲ್ಪ ವಯಸ್ಸಾದೋರು, ನಾನು ತೋರಿಸಿದ ಫೋಟೋ ನೋಡಿದ್ದೇ "ಇಲ್ಲಿ ಬಫೆಲೋ ಬಿಟ್ರೆ ಬೇರೆ ಬರಲ್ಲಮ್ಮ" ಅಂದ್ರು. ನಾನು ಜಾಣೆ ಅಲ್ವಾ, ಗೂಗಲ್ ಮಾಡ್ದೆ. ಬಫೆಲೋ ಗ್ರಾಸಿಗೆ ಪೂರ್ತಿ ಬಿಸಿಲು ಬೇಕು, ನೀರು ತುಂಬಾ ಕಮ್ಮಿ ಸಾಕು, ನೆರಳಲ್ಲಿ ಬರಲ್ಲ ಅಂತಿತ್ತು. ಈ ಯಜಮಾನ್ರೂ ಟೋಪಿ ಹಾಕ್ತಿದಾರೆ ಅಂತ ವಾಪಸ್ ಬಂದೆ. ಆಮೇಲೆ ಗೊತ್ತಾಯ್ತು, ಅಮೆರಿಕದ ಬಫೆಲೋ ಗ್ರಾಸ್ ಅಲ್ಲಿನ ಬಯಲು ಸೀಮೇದು, ಕಾಡೆಮ್ಮೆ ಮೇಯ್ತಿದ್ದ ಹುಲ್ಲು. ಆಸ್ಟ್ರೇಲಿಯಾದಲ್ಲಿ ಬಫೆಲೋ ಅಂದ್ರೆ ಸೇಂಟ್ ಆಗಸ್ಟೀನ್ ಅನ್ನೋ ಬೇರೆ ಹುಲ್ಲು. ನಮ್ಮ ನರ್ಸರಿಗಳಲ್ಲಿ, ಕೇರಳದಲ್ಲಂತೂ ಇನ್ನೂ ಹೆಚ್ಚಾಗಿ, ಬಫೆಲೋ ಅಂತ ಕರೆಯೋದು ಆಕ್ಸೋನೋಪಸ್ ಕಂಪ್ರೆಸಸ್ ಅನ್ನೋ ಅಗಲ ಎಲೆಯ ಹುಲ್ಲನ್ನ. ಒಂದೇ ಹೆಸರು, ಮೂರು ಹುಲ್ಲು, ಮೂರಕ್ಕೂ ಬೇರೆಬೇರೆ ಸ್ವಭಾವ. ಹಾಗಾಗಿ ಹೆಸರು ನಂಬ್ಬೇಡಿ, ಎಲೆ ನೋಡಿ. ಅಗಲ ಎಲೆ, ತುದಿ ಮೊಂಡು, ತಿಳಿ ಹಸಿರು, ನೆಲಕ್ಕೆ ಅಂಟ್ಕೊಂಡು ಬಳ್ಳಿ ಥರ ಓಡತ್ತೆ, ಹೂ ಬಿಟ್ರೆ ಕಡ್ಡಿ ತುದೀಲಿ ಎರಡು ಮೂರು ಬೆರಳು ಬಿಡಿಸಿದಂಗೆ ಕಾಣತ್ತೆ. ಇದಾದ್ರೆ ನೆರಳಿಗೆ ಆಗತ್ತೆ.

2023ರ ಜೂನಲ್ಲಿ ತಂದು ಗೋಡೆ ಪಕ್ಕದ ಏಳು ಅಡಿಗೂ ಹೊಂಗೆ ಕೆಳಗೂ ಹಾಕ್ಸಿದೆ. ಕಾರ್ಪೆಟ್ ಬೇಡ, ಬೇರು ಸಮೇತ ತುಂಡು ಕೊಡಿ ಅಂದೆ, ನಾಲ್ಕು ಇಂಚಿಗೊಂದು ನೆಟ್ವಿ, ನಾನೂ ಅತ್ತೆನೂ ಮಾಲಿನೂ ಸೇರಿ. ಕಾರ್ಪೆಟಿನ ಮೂರನೇ ಒಂದು ಭಾಗ ಖರ್ಚು, ಮಳೆಗಾಲ ಆಗಿದ್ರಿಂದ ಎರಡೂವರೆ ತಿಂಗಳಿಗೆ ಕೂಡ್ಕೊಂಡ್ತು. ಆ ವರ್ಷ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ರು, ಕಾಲಲ್ಲಿ ಸರಿಸಿ ನೋಡಿ "ಇದನ್ನ ದುಡ್ ಕೊಟ್ಟು ತಂದ್ಯಾ? ನಮ್ಮ ತೋಟದ ಅಂಚಲ್ಲಿ ದನ ತಿನ್ನೋ ಹುಲ್ಲಲ್ವನೇ" ಅಂದ್ರು. ನಿಜ, ಮಲೆನಾಡಲ್ಲಿ ಅಡಿಕೆ ತೋಟದ ನೆರಳು, ತೇವ, ಹುಳಿ ಮಣ್ಣು, ಅಲ್ಲಿ ಇದು ಕರೀದೆ ಬರತ್ತೆ. ಇಲ್ಲಿ ತುಂಡಿಗೆ ಲೆಕ್ಕ ಹಾಕಿ ಮಾರ್ತಾರೆ.

ಡಿಸೆಂಬರ್ ಬಂತು, ನೆರಳು ಬಂತು, ಬಫೆಲೋ ಅಲ್ಲಾಡ್ಲಿಲ್ಲ. ನಾನಂತೂ ಗೆದ್ದೆ ಅಂತ ಮೆರೆದೆ. ಆಮೇಲೆ 2024ರ ಮಾರ್ಚ್.

ಬೆಂಗಳೂರಲ್ಲಿ ಇದ್ದೋರಿಗೆ ಹೇಳ್ಬೇಕಾಗಿಲ್ಲ. ಬೋರ್ ಬತ್ತಿ, ಟ್ಯಾಂಕರಿಗೆ ಕ್ಯೂ, ಜಲಮಂಡಳಿಯವರು ಕುಡಿಯೋ ನೀರನ್ನ ಗಾರ್ಡನ್‌ಗೆ, ಕಾರ್ ತೊಳೆಯೋಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ರು. ಸರಿಯಾಗೇ ಮಾಡಿದ್ರು ಬಿಡಿ, ಜನಕ್ಕೆ ಸ್ನಾನಕ್ಕಿಲ್ಲದಾಗ ನಾನು ಹುಲ್ಲಿಗೆ ಪೈಪ್ ಹಿಡ್ಕೊಂಡು ನಿಂತ್ರೆ ದಂಡಕ್ಕಿಂತ ಮೊದಲು ಪಕ್ಕದ ಮನೆಯೋರ ಮುಖ ನೋಡೋಕಾಗಲ್ಲ. ಲಾನ್‌ಗೆ ವಾರಕ್ಕೆ ಒಂದು ಇಂಚು ನೀರು ಅಂತ ಸಾಮಾನ್ಯ ಲೆಕ್ಕ, 350 ಚದರಡಿಗೆ ಅದು 800 ಲೀಟರ್ ದಾಟತ್ತೆ. ನಾವು ತರಕಾರಿ ತೊಳೆದ ನೀರು, ವಾಷಿಂಗ್ ಮೆಷಿನ್ನಿನ ಕೊನೇ ಜಾಲಾಡಿಸಿದ ನೀರು ಬಕೆಟಲ್ಲಿ ಹಿಡಿದು ಹಾಕ್ತಿದ್ವಿ, ದಿನಕ್ಕೆ ನಾಲ್ಕೈದು ಬಕೆಟ್ ಆದ್ರೆ ದೊಡ್ಡದು. ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ. ಬಫೆಲೋದ ಬೇರು ಮೇಲ್ಮಣ್ಣಲ್ಲೇ ಇರತ್ತೆ, ಬಾಯಾರಿಕೆ ತಡೆಯಲ್ಲ. ಅದೂ ಅಲ್ದೆ ನಮ್ಮ ಉತ್ತರದ ಅಂಗಳಕ್ಕೆ ಆಗ ನೆರಳೂ ಇಲ್ಲ, ಸೂರ್ಯ ನೆತ್ತಿ ಮೇಲೆ. ಎಲೆ ಮೊದಲು ಮಡಚ್ಕೊಂಡು, ಆಮೇಲೆ ಕೆಂಪಗಾಗಿ, ಆಮೇಲೆ ಹಪ್ಪಳ. ಮೇ ಮಳೆ ಬಂದ ಮೇಲೆ ಮುಕ್ಕಾಲು ಭಾಗ ಗೆಣ್ಣಿಂದ ಚಿಗುರ್ತು, ಕಾಲು ಭಾಗ ಹೋಯ್ತು.

ಅದಕ್ಕೇ ನೆರಳಿಗೆ ಬಫೆಲೋ ನಾಲ್ಕು ಸ್ಟಾರ್, ಆದ್ರೆ ನೀರಿದ್ರೆ ಮಾತ್ರ. ಬೋರ್ ನಂಬ್ಕೊಂಡು ಇರೋ ಲೇಔಟಲ್ಲಿ ಎರಡು. ಇನ್ನೊಂದು ವಿಷ್ಯ, ಇದನ್ನ ಗಿಡ್ಡಕ್ಕೆ ಕತ್ತರಿಸೋಕೆ ಹೋಗ್ಬೇಡಿ. ನೆರಳಲ್ಲಿರೋ ಯಾವ ಹುಲ್ಲಿಗೂ ಎಲೆ ಉದ್ದ ಇದ್ದಷ್ಟೂ ಸಿಗೋ ಚೂರು ಬೆಳಕಲ್ಲಿ ಅಡುಗೆ ಮಾಡ್ಕೊಳ್ಳತ್ತೆ. ಎರಡೂವರೆ ಇಂಚಾದ್ರೂ ಬಿಡಿ, ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ನಮ್ಮ ಮಾಲಿಗೆ ಇದನ್ನ ಹೇಳಿ ಹೇಳಿ ಸಾಕಾಗಿದೆ, ಅವನಿಗೆ ಮಿಲಿಟರಿ ಕಟ್ ಮಾಡಿದ್ರೇ ಕೆಲಸ ಮಾಡಿದಂಗೆ.

ಸಂಪ್ ಮೇಲಿನ ಜಾಗ ಬೇರೇನೇ ಪುರಾಣ. ಪೂರ್ವದ ಮೂಲೆ, ಪಕ್ಕ ಖಾಲಿ ಸೈಟ್ ಆಗಿರೋದ್ರಿಂದ ಚಳಿಗಾಲದಲ್ಲೂ ಬೆಳಿಗ್ಗೆ ಹನ್ನೊಂದರ ತನಕ ಬಿಸಿಲು ಸಿಗತ್ತೆ, ಬೇಸಿಗೇಲಿ ಕೇಳೋದೇ ಬೇಡ. ಬಿಸಿಲಿದ್ರೂ ಮೆಕ್ಸಿಕನ್ ಅಲ್ಲಿ ಚೌಕಾಕಾರವಾಗಿ ಒಣಗ್ತಿತ್ತು, ಸ್ಕೇಲ್ ಇಟ್ಟು ಗೆರೆ ಎಳೆದಂಗೆ. ಕಡ್ಡಿ ಚುಚ್ಚಿ ನೋಡಿದ್ರೆ ಮೂರು ಇಂಚಿಗೇ ಟಣ್ ಅಂತು, ಕೆಳಗೆ ಸಂಪಿನ ಸ್ಲ್ಯಾಬು. ಮೂರು ಇಂಚು ಮಣ್ಣು, ಕೆಳಗೆ ಕಾದ ಕಾಂಕ್ರೀಟು, ಅದು ಲಾನ್ ಅಲ್ಲ, ಕಾವಲಿ. ಯಾವ ಹುಲ್ಲು ತಂದ್ರೂ ರೊಟ್ಟಿನೇ. ಅಂಚಿಗೆ ಇಟ್ಟಿಗೆ ಕಟ್ಟಿ ಎಂಟು ಇಂಚು ಮಣ್ಣು ತುಂಬ್ಸಿದ್ವಿ, ಸಂಪಿನ ಮುಚ್ಚಳದ ಸುತ್ತ ಬಿಟ್ಟು.

ಅಷ್ಟರಲ್ಲಿ ಅಲ್ಲಿಗೆ ಏನು ಬಂತು ಗೊತ್ತಾ? ಗರಿಕೆ. ತಾನಾಗೇ. ಮೆಕ್ಸಿಕನ್ ಹಾಕಿದ ಹೊಸದರಲ್ಲಿ ಮಾಲಿಗೆ ದಿನಕ್ಕೆ 700 ರೂಪಾಯಿ ಕೊಟ್ಟು ಇದೇ ಗರಿಕೇನ ಕೀಳಿಸಿದ್ದೆ, ಕಳೆ ಅಂತ. ಅತ್ತೆ ಆಗ್ಲೇ ಗೊಣಗಿದ್ರು, "ಗಣಪತಿ ಹಬ್ಬಕ್ಕೆ 21 ಗರಿಕೆ ಮಾರ್ಕೆಟಿಂದ ತರ್ತೀಯ, ಅಂಗಳದ್ದು ಕೀಳಿಸ್ತೀಯ" ಅಂತ. ನರ್ಸರೀಲಿ ಬರ್ಮುಡಾ ಗ್ರಾಸ್ ಅಂತ ಬೋರ್ಡ್ ಹಾಕಿ ಮಾರೋದು ಇದನ್ನೇ ಕಣ್ರೀ, ಸೈನೋಡಾನ್ ಡ್ಯಾಕ್ಟಿಲಾನ್, ನಮ್ಮ ಗರಿಕೆ. ಸೆಲೆಕ್ಷನ್ ಒನ್ ಅಂತ ಕೊಡೋದು ಅದರದ್ದೇ ಸಣ್ಣ ಎಲೆಯ ಆಯ್ದ ತಳಿ. ಗಾಲ್ಫ್ ಕೋರ್ಸಲ್ಲಿ ಹಾಕೋ ಟಿಫ್‌ವೇ 419 ಅನ್ನೋದು ಇದನ್ನ ಆಫ್ರಿಕಾದ ಇನ್ನೊಂದು ಗರಿಕೆ ಜೊತೆ ಕೂಡಿಸಿ ಮಾಡಿದ್ದು, ಅಮೆರಿಕದ ಜಾರ್ಜಿಯಾದ ಟಿಫ್ಟನ್ ಅನ್ನೋ ಊರಲ್ಲಿ, 1960ರಲ್ಲಿ ಬಿಡುಗಡೆ ಆಗಿದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು.

ಗರಿಕೆ ಬಿಸಿಲಿಗೆ ಹುಟ್ಟಿದ್ದು. 2024ರ ಏಪ್ರಿಲಲ್ಲಿ ಅದಕ್ಕೆ ನಾವು ಒಂದು ತೊಟ್ಟೂ ನೀರು ಹಾಕ್ಲಿಲ್ಲ, ಹುಲ್ಲೆಲ್ಲ ಒಣಗಿ ಬಿಳಿ ಆಯ್ತು, ಮೊದಲ ಮಳೆ ಬಿದ್ದು ವಾರಕ್ಕೆ ಹಸಿರು, ಏನೂ ಆಗಿಲ್ವೇನೋ ಅನ್ನೋ ಥರ. ರಾಯಚೂರಲ್ಲಿ ನಮ್ಮಕ್ಕನ ಮನೆ, ಅಲ್ಲಿ 40 ದಾಟೋದು ಸುದ್ದಿನೇ ಅಲ್ಲ, ಕಪ್ಪು ಮಣ್ಣು ಬೇಸಿಗೇಲಿ ಬಾಯ್ಬಿಡತ್ತೆ, ಬೋರ್ ನೀರು ಉಪ್ಪು, ಅಲ್ಲೂ ನಿಂತಿರೋದು ಗರಿಕೆ ಒಂದೇ. ಉಪ್ಪುನೀರನ್ನೂ ಸುಮಾರಾಗಿ ತಡ್ಕೊಳ್ಳತ್ತೆ, ತುಳಿದ್ರೂ ಬೇಗ ಎದ್ದೇಳತ್ತೆ, ಬೋಳಾದ ಜಾಗಕ್ಕೆ ತಾನೇ ಓಡಿ ಹೋಗಿ ಮುಚ್ಚತ್ತೆ. ಆದ್ರೆ ನೆರಳು ಕಂಡ್ರೆ ಆಗಲ್ಲ, ಮೆಕ್ಸಿಕನ್‌ಗಿಂತ ಮೊದಲೇ ಹೋಗ್ಬಿಡತ್ತೆ. ನಮ್ಮಲ್ಲೂ ಡಿಸೆಂಬರಲ್ಲಿ ತೆಳ್ಳಗಾಗತ್ತೆ. ಇನ್ನೊಂದು ಕೆಟ್ಟ ಬುದ್ಧಿ, ಹೂವಿನ ಪಾತಿ, ಕಲ್ಲಿನ ಸಂದಿ, ಎಲ್ಲಿ ಬೇಕಾದ್ರೂ ನುಗ್ಗತ್ತೆ, ಮಳೆಗಾಲದಲ್ಲಿ ವಾರವಾರ ಕತ್ತರಿ ಹಿಡೀಬೇಕು. ಬಿಸಿಲಿಗೆ ನಾಲ್ಕೂವರೆ ಸ್ಟಾರ್, ದುಡ್ಡಿನ ಲೆಕ್ಕದಲ್ಲಿ ಐದು, ಯಾಕಂದ್ರೆ ಅದು ಪುಕ್ಕಟೆ.

ಅಲ್ಲಲ್ಲಿ ಬೋಳಾಗಿರೋ ಜಾಗ ಅಂದ್ರೆ ಎಲ್ಲರೂ ಮೊದಲು ಹೊಸ ಹುಲ್ಲು ತಂದು ತೇಪೆ ಹಾಕ್ತಾರೆ. ನಾನೂ ಹಾಕಿದ್ದೆ, ಮೂರು ಸಲ, ಅದೇ ಜಾಗಕ್ಕೆ. ನಾಲ್ಕನೇ ಸಲ ಅಗೆಸಿದ್ರೆ ಕೆಳಗೆ ಏನಿತ್ತು ಅಂತೀರಾ, ಒಡೆದ ಟೈಲ್ಸು, ಪಿವಿಸಿ ತುಂಡು, ಗಟ್ಟಿಯಾದ ಅರ್ಧ ಚೀಲ ಸಿಮೆಂಟು. ಕಟ್ಟಡದ ಕೆಲಸದೋರು ಕಸ ಸಾಗಿಸೋ ಬದಲು ಅಲ್ಲೇ ಹೂತು ಮೇಲೆ ಕೆಂಪು ಮಣ್ಣು ಎಳೆದಿದ್ರು. ಸಿಮೆಂಟು ಮಣ್ಣನ್ನ ಕ್ಷಾರ ಮಾಡತ್ತೆ, ಬಫೆಲೋಗೆ ಹುಳಿ ಮಣ್ಣು ಬೇಕು, ಹಳದಿ ಆಗ್ದೆ ಇನ್ನೇನಾಗತ್ತೆ. ಎರಡು ಗಾಡಿ ಕಸ ತೆಗ್ಸಿ, ಒಂದಡಿ ಒಳ್ಳೆ ಮಣ್ಣು ಹಾಕ್ಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮೇಲೆ ಸರಿ ಹೋಯ್ತು. ಹೊಸ ಮನೆ ಕಟ್ಸಿದೋರು ಹುಲ್ಲಿಗೆ ಮೊದಲು ಹಾರೆಗೆ ದುಡ್ಡು ಕೊಡಿ.

ಇನ್ನೊಂದು ಪ್ಯಾಚ್ ಗೊಣ್ಣೆ ಹುಳುದು. ಮೈನಾ ಹಕ್ಕಿಗಳು ಬೆಳಿಗ್ಗೆ ಬಂದು ಅದೇ ಜಾಗ ಕೆದಕ್ತಿದ್ವು, ನೋಡೋಕೆ ಚೆಂದ ಅಂತ ವಿಡಿಯೋ ಮಾಡ್ತಿದ್ದೆ. ಒಂದಿನ ಹುಲ್ಲು ಹಿಡಿದು ಎಳೆದ್ರೆ ಚಾಪೆ ಥರ ಸುತ್ಕೊಂಡು ಕೈಗೆ ಬಂತು, ಬೇರೇ ಇಲ್ಲ, ಕೆಳಗೆ ಬಿಳೀ ಹುಳು ಸುರುಳಿ ಸುರುಳಿ. ಕೈಯಲ್ಲಿ ಆರಿಸಿ ತೆಗೆದು, ಮೆಟಾರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಗೊಬ್ಬರದ ಜೊತೆ ಕಲೆಸಿ ಹಾಕಿದ್ವಿ, ಅಡಿಕೆ ತೋಟಕ್ಕೆ ಹಾಕ್ತಾರಲ್ಲ ಅದೇ, ಅಮ್ಮ ಹೇಳಿದ್ದು. ಪಕ್ಕದ ಮನೆ ಲ್ಯಾಬ್ರಡಾರ್ ನಾಯಿ ಉಚ್ಚೆ ಹೊಯ್ದು ಮಾಡಿದ ಪ್ಯಾಚೂ ಇದೆ, ದುಂಡಗೆ ಒಣಗಿ ಸುತ್ತ ಕಡುಹಸಿರು ಬಳೆ, ಅದಕ್ಕೆ ಔಷಧಿ ಇಲ್ಲ, ಗೇಟ್ ಹಾಕ್ಕೊಳ್ಳೋದೇ. ಕಾರ್ಪೆಟಿನ ಮಣ್ಣಿನ ಜೊತೆ ಜೇಕು ಬೇರೆ ಬಂದಿತ್ತು, ಮೇಲೆ ಕಿತ್ರೆ ಕೆಳಗೆ ಗೆಡ್ಡೆ ಉಳಿದು ಎರಡಾಗಿ ಬರತ್ತೆ. ತಗೊಳ್ಳೋವಾಗ ಕಾರ್ಪೆಟ್ ತಿರುಗಿಸಿ ಕೆಳಗಡೆ ನೋಡಿ, ಕರೀ ಗುಂಡು ಗೆಡ್ಡೆ ಕಂಡ್ರೆ ಲಾರಿ ವಾಪಸ್ ಕಳ್ಸಿ, ನಾಚ್ಕೋಬೇಡಿ.

ಗೇಟಿಂದ ನಲ್ಲಿ ತನಕ ನಾವೇ ನಡೆದು ನಡೆದು ಮಾಡಿದ ದಾರಿ ಇತ್ತು. ಅಲ್ಲಿಗೆ ಗಟ್ಟಿ ಹುಲ್ಲು ಯಾವ್ದು ಅಂತ ಒಂದು ವರ್ಷ ಹುಡುಕ್ದೆ. ನಮ್ಮ ಮಗಳು "ಅಮ್ಮಾ, ಅಲ್ಲಿ ಕಲ್ಲು ಹಾಕು" ಅಂದ್ಲು. ಹಾಕ್ಸಿದೆ, ಐದು ಚಪ್ಪಡಿ, ಮುಗೀತು. ಪ್ಲಾಸ್ಟಿಕ್ ಹುಲ್ಲು ಹಾಕ್ಸಿ ಅಂತಲೂ ಇಬ್ಬರು ಹೇಳಿದ್ರು. ಮೈಸೂರಲ್ಲಿ ನಮ್ಮಣ್ಣನ ಟೆರೇಸಲ್ಲಿದೆ, ಬೇಸಿಗೆ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಟ್ಟು ನೋಡಿ ಆಮೇಲೆ ಮಾತಾಡಿ.

ಹೊಂಗೆ ಬುಡದ ಹತ್ರ ನಾಲ್ಕಡಿ ಮಾತ್ರ ಬಫೆಲೋನೂ ಸೋಲ್ತು. ಅಲ್ಲಿ ನೆರಳು ಒಂದೇ ಅಲ್ಲ ಸಮಸ್ಯೆ, ಮರದ ಬೇರು ನೀರು ಗೊಬ್ಬರ ಎಲ್ಲಾ ಮೊದಲು ಕುಡಿಯತ್ತೆ, ಮೇಲಿಂದ ಎಲೆ ಉದುರತ್ತೆ, ಬೇಸಿಗೇಲಿ ಹೂವಿನ ಹಾಸಿಗೆ. ಲಾಲ್‌ಬಾಗಲ್ಲಿ ದೊಡ್ಡ ಮರಗಳ ಬುಡ ನೋಡಿ, ಅಲ್ಲೂ ತರಗೆಲೆ, ಮಣ್ಣು ಅಷ್ಟೇ. ಅವ್ರಿಗೇ ಬರದ ಹುಲ್ಲು ನನಗೆ ಬರತ್ತಾ ಅಂತ ಹುಲ್ಲಿನ ಆಸೆ ಬಿಟ್ಟು ಅಲ್ಲೇ ನರ್ಸರಿಮೆನ್ ಸೊಸೈಟಿಯಿಂದ ಮಾಂಡೋ ಗ್ರಾಸ್ ತಂದೆ. ಹೆಸರಲ್ಲಿ ಗ್ರಾಸ್ ಇದೆ, ಹುಲ್ಲಲ್ಲ ಅದು, ಕಡು ಹಸಿರು ಪೊದೆ. ಕತ್ತರಿಸೋ ಹಾಗಿಲ್ಲ, ನಡೆಯೋ ಹಾಗಿಲ್ಲ, ನೆರಳಲ್ಲಿ ಸುಮ್ನೆ ಕೂತಿರತ್ತೆ. ನಿಧಾನ ಅಂದ್ರೆ ನಿಧಾನ, ಒಂದು ವರ್ಷಕ್ಕೆ ಅಂಗೈಯಗಲ. ನಾಲ್ಕು ಸ್ಟಾರ್.

ನಲ್ಲಿ ಬುಡದಲ್ಲಿ, ಯಾವಾಗ್ಲೂ ತೇವ, ಯಾವಾಗ್ಲೂ ನೆರಳು, ಎರಡಡಿ ಜಾಗ ಉಳಿದಿತ್ತು. ಅಲ್ಲಿಗೆ ಬಫೆಲೋ ತುಂಡು ತರ್ಬೇಕು ಅಂತಿದ್ದೆ, ಅಷ್ಟರಲ್ಲಿ ಅಮ್ಮ ಊರಿಂದ ಬರೋವಾಗ ಪ್ಲಾಸ್ಟಿಕ್ ಕವರಲ್ಲಿ ಒಂದು ಹಿಡಿ ಒಂದೆಲಗ ತಂದು ನಾನು ಆಫೀಸಲ್ಲಿದ್ದಾಗ ನೆಟ್ಟು ಹೋಗಿದಾರೆ. ಈಗ ಅದು ಚಪ್ಪಡಿ ಕಲ್ಲಿನ ತನಕ ಬಂದಿದೆ, ಕಾಲಿಟ್ರೆ ತಂಪು. ಅತ್ತೆ ವಾರಕ್ಕೆರಡು ಸಲ ಲಾನ್ ಕತ್ತರಿಸ್ತಾರೆ, ತಂಬುಳಿಗೆ.